ರನ್‌ವೇಗೆ ಮೊದಲು ರೈಲು ಬರಲಿ: ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ.

ನಾನು ಹುಟ್ಟಿದ್ದು ಮುರುಗೇಶಪಾಳ್ಯದಲ್ಲಿ. ನಮ್ಮಪ್ಪ ಎಚ್‌ಎಎಲ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಮದುವೆಯಾಗಿ ಸೇರಿದ್ದು ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಮನೆಗೆ. ಈಗ ಬಹಳ ವರ್ಷಗಳಿಂದ ಬನಶಂಕರಿಯಲ್ಲಿ ಇದ್ದೇವೆ. ಬೆಂಗಳೂರಿನ ಹಳೇ ಏರ್‌ಪೋರ್ಟು ನನ್ನ ತವರಿನ ಪಕ್ಕದ್ದು, ಹೊಸ ಏರ್‌ಪೋರ್ಟು ಅತ್ತೆ ಮನೆಯ ಪಕ್ಕದ್ದು. ಎರಡರ ಸುಖವನ್ನೂ ಕಷ್ಟವನ್ನೂ ಹತ್ತಿರದಿಂದ ಕಂಡಿದ್ದೇನೆ. ಆ ಅನುಭವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನೀವೀಗ ನಗರಕ್ಕೆ ಎರಡನೇ ವಿಮಾನ ನಿಲ್ದಾಣ ಕಟ್ಟಲು ಜಾಗ ನೋಡುತ್ತಿದ್ದೀರಿ. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರು ಕಡೆ ನೋಡಿಕೊಂಡು ಹೋಯಿತು. ಕನಕಪುರ ರಸ್ತೆಯಲ್ಲಿ ಚೂಡಹಳ್ಳಿ ಮತ್ತು ಸೋಮನಹಳ್ಳಿ, ಮೂರನೆಯದು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಖುಷಿ. ಕನಕಪುರ ರಸ್ತೆ ಅಂದರೆ ನಮಗೆ ಹತ್ತಿರ ಅಲ್ವಾ! ನನಗೂ ಖುಷಿಯೇ. ಆದರೂ ನಿಮ್ಮಲ್ಲಿ ಒಂದು ಕೋರಿಕೆ ಇದೆ. ಜಾಗ ಯಾವುದು ಅಂತ ಘೋಷಿಸುವ ದಿನವೇ ಅಲ್ಲಿಗೆ ಹೋಗುವ ರೈಲು ಯಾವುದು ಅಂತಲೂ ಘೋಷಿಸಿ. ಆ ರೈಲು ಓಡಲು ಶುರುವಾದ ಮೇಲೆಯೇ ಅಲ್ಲಿಂದ ಮೊದಲ ವಿಮಾನ ಹಾರಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ 700 ಎಕರೆ ಜಾಗ ಕೊಟ್ಟಿತು. ಆ ಕಾಲಕ್ಕೆ ಅದು ಊರಾಚೆಯ ಬಯಲು. ಮರುವರ್ಷವೇ ಹಾರ್ಲೋ ಅನ್ನುವ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿದರು. ಯುದ್ಧದ ಸಮಯದಲ್ಲಿ ಅಮೆರಿಕದ ಸೇನೆಯ ವಿಮಾನಗಳು ಇಲ್ಲಿಗೇ ರಿಪೇರಿಗೆ ಬರುತ್ತಿದ್ದವು. ಕ್ಯಾಟಲೀನಾ ಅಂತ ನೀರಿನ ಮೇಲೆ ಇಳಿಯುವ ವಿಮಾನಗಳಿದ್ದವು. ಅವು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಫ್ಯಾಕ್ಟರಿಗೆ ಎಳೆದು ತರುತ್ತಿದ್ದರು. ಅಪ್ಪ ಕೆಲಸಕ್ಕೆ ಸೇರಿದಾಗ ಹಿರಿಯ ಕಾರ್ಮಿಕರು ಈ ಕಥೆ ಹೇಳುತ್ತಿದ್ದರಂತೆ. ಅಪ್ಪ ಅದನ್ನು ನಮಗೆ ಹೇಳುತ್ತಿದ್ದರು. ಈಗ ಆ ಕೆರೆಯಲ್ಲಿ ನೊರೆ ಎದ್ದ ಸುದ್ದಿ ಓದಿದಾಗಲೆಲ್ಲ ಅದೇ ನೆನಪಾಗುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮುಂದೆ ಅದೇ ರನ್‌ವೇ ಊರಿನ ವಿಮಾನ ನಿಲ್ದಾಣವೂ ಆಯಿತು. ಫ್ಯಾಕ್ಟರಿಯ ಹೊಸ ವಿಮಾನಗಳ ಪರೀಕ್ಷೆ, ವಾಯುಪಡೆಯ ವಿಮಾನ, ಪ್ರಯಾಣಿಕರ ವಿಮಾನ ಎಲ್ಲವೂ ಒಂದೇ ದಾರಿಯಲ್ಲಿ ಇಳಿದು ಏರುತ್ತಿದ್ದವು. ನಾವು ಚಿಕ್ಕವರಿದ್ದಾಗ ದಿನಕ್ಕೆ ಎಷ್ಟು ವಿಮಾನ ಬಂತು ಅಂತ ಎಣಿಸುವುದೇ ಆಟ. ಸದ್ದು ಜಾಸ್ತಿಯಾದರೆ ಅಮ್ಮ ಮಾತು ನಿಲ್ಲಿಸಿ, ವಿಮಾನ ಹೋದ ಮೇಲೆ ಅದೇ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

1990ರ ಫೆಬ್ರವರಿ 14ರ ಮಧ್ಯಾಹ್ನ ಮಾತ್ರ ಮರೆಯಲಾಗುವುದಿಲ್ಲ. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ಅದರಲ್ಲಿದ್ದವರು 146 ಜನ. 92 ಜನ ತೀರಿಹೋದರು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ವಿಮಾನ ಅಂದರೆ ಅದರೊಳಗೆ ಕೂತ ಜನ ಅಂತ ನನಗೆ ಅರ್ಥವಾದದ್ದು ಅವತ್ತು.

ಅಷ್ಟರಲ್ಲಿ ಊರು ಆ ರನ್‌ವೇಯನ್ನು ಸುತ್ತುವರಿದಿತ್ತು. ಹೊಸ ಜಾಗ ಬೇಕು ಅಂತ 1991ರಲ್ಲಿ ಒಂದು ಸಮಿತಿ ಮಾಡಿದರು. ಆ ಸಮಿತಿ ದೇವನಹಳ್ಳಿಯನ್ನು ಸೂಚಿಸಿತು. ಮುಂದೆ ಟಾಟಾ, ಅಮೆರಿಕದ ರೇಥಿಯಾನ್, ಸಿಂಗಪುರದ ಚಾಂಗಿ ಸೇರಿದ ಒಂದು ಗುಂಪು ಮುಂದೆ ಬಂತು. ಮಾತುಕತೆ ಎಳೆದಾಡಿ, 1998ರಲ್ಲಿ ಅವರು ಕೈಬಿಟ್ಟು ಹೋದರು. 2001ರಲ್ಲಿ ಹೊಸ ಕಂಪನಿ ನೋಂದಣಿಯಾಯಿತು. ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣ, ಎಲ್ ಅಂಡ್ ಟಿ ಸೇರಿದವು. ಕೇಂದ್ರ ಸರ್ಕಾರದ ಜೊತೆ ಒಪ್ಪಂದ ಆದದ್ದು 2004ರಲ್ಲಿ, ಕೆಲಸ ಶುರುವಾದದ್ದು 2005ರ ಜುಲೈನಲ್ಲಿ. ವಿಮಾನ ಹಾರಿದ್ದು 2008ರ ಮೇ 24ರಂದು.

ಜಾಗ ಸೂಚಿಸಿದ ಸಮಿತಿಯಿಂದ ವಿಮಾನ ಹಾರುವವರೆಗೆ ಹದಿನೇಳು ವರ್ಷ. ನನಗೆ ಬೇಜಾರು ಆ ಹದಿನೇಳು ವರ್ಷ ತಡವಾಯಿತಲ್ಲ ಅಂತ ಅಲ್ಲ. ಅಷ್ಟು ಸಮಯ ಕೈಯಲ್ಲಿದ್ದರೂ ಅಲ್ಲಿಗೆ ಹೋಗುವ ಒಂದು ರೈಲು ಮಾಡಲಿಲ್ಲವಲ್ಲ ಅಂತ.

ಇನ್ನೂ ಸಂಕಟದ ವಿಷಯ ಏನು ಗೊತ್ತಾ? ಹಳಿ ಅಲ್ಲಿ ಇದ್ದೇ ಇತ್ತು. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುತ್ತದೆ. ನಮ್ಮ ಮಾವನವರು ಯುವಕರಿದ್ದಾಗ ಅದೇ ರೈಲಿನಲ್ಲಿ ದ್ರಾಕ್ಷಿ, ಚಕ್ಕೋತ ಹಾಕಿಕೊಂಡು ಬೆಂಗಳೂರಿಗೆ ಹೋಗಿ ಬರುತ್ತಿದ್ದರು. ಅಂಥ ಹಳಿಯ ಪಕ್ಕದಲ್ಲಿ ಸುಮಾರು 4,000 ಎಕರೆಯ ವಿಮಾನ ನಿಲ್ದಾಣ ಕಟ್ಟಿದೆವು. ಅಲ್ಲಿ ಒಂದು ಹಾಲ್ಟ್ ಸ್ಟೇಷನ್ ಬಂದದ್ದು 2021ರ ಜನವರಿಯಲ್ಲಿ. ನಿಲ್ದಾಣ ತೆರೆದು ಹನ್ನೆರಡೂವರೆ ವರ್ಷ ಆದ ಮೇಲೆ! ಅದೂ ದಿನಕ್ಕೆ ಕೆಲವೇ ರೈಲು. ಸ್ಟೇಷನ್ನಿನಿಂದ ಟರ್ಮಿನಲ್‌ಗೆ ಮತ್ತೆ ಬಸ್ಸು ಹತ್ತಬೇಕು. ಬೆಳಗಿನ ಜಾವದ ವಿಮಾನ ಹಿಡಿಯುವವರಿಗೆ, ರಾತ್ರಿ ಬಂದಿಳಿಯುವವರಿಗೆ ಅದು ಹೇಗೆ ಆಗಿಬರುತ್ತದೆ ಹೇಳಿ.

2008ರ ಮೇ 23ರ ರಾತ್ರಿ ಅಪ್ಪ ಮಹಡಿ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಗಲೇ ರಿಟೈರ್ ಆಗಿದ್ದರು. ಪ್ರಯಾಣಿಕರ ವಿಮಾನಗಳಿಗೆ ಎಚ್‌ಎಎಲ್‌ನ ಹಳೇ ನಿಲ್ದಾಣದಲ್ಲಿ ಅದೇ ಕೊನೇ ರಾತ್ರಿ. ಒಂದೊಂದೇ ದೀಪ ಆಕಾಶಕ್ಕೆ ಏರಿ ಹೋಗುವುದನ್ನು ಸುಮ್ನೆ ನೋಡುತ್ತಿದ್ದರು. ಮಾರನೇ ರಾತ್ರಿ ಮನೆಯಲ್ಲಿ ಎಷ್ಟು ಮೌನ ಅಂದರೆ ಅವರಿಗೆ ನಿದ್ದೆಯೇ ಬರಲಿಲ್ಲವಂತೆ. ಅಮ್ಮ ಬೆಳಿಗ್ಗೆ ಫೋನ್ ಮಾಡಿ ಹೇಳಿದರು. ಆ ನಿಲ್ದಾಣದ ರಸ್ತೆಗೆ ಮಾತ್ರ ಇವತ್ತಿಗೂ ಹಳೇ ಏರ್‌ಪೋರ್ಟ್ ರಸ್ತೆ ಅಂತಲೇ ಹೆಸರು.

ಆ ದಿನಗಳಲ್ಲಿ ಹಳೇ ನಿಲ್ದಾಣವನ್ನೂ ಉಳಿಸಿಕೊಳ್ಳಿ ಅಂತ ತುಂಬ ಜನ ಕೇಳಿದರು. ಹೈಕೋರ್ಟಿಗೂ ಹೋದರು. ಒಪ್ಪಂದದಲ್ಲಿ ಮುಚ್ಚಬೇಕು ಅಂತ ಇತ್ತು, ಮುಚ್ಚಿದರು. ಹಳೇ ನಿಲ್ದಾಣದಲ್ಲಿ ಆಗಲೇ ವರ್ಷಕ್ಕೆ ಸುಮಾರು ಒಂದು ಕೋಟಿ ಜನ ಓಡಾಡುತ್ತಿದ್ದರು. ದೇವನಹಳ್ಳಿಯ ಹೊಸ ಟರ್ಮಿನಲ್‌ನ ನಕ್ಷೆಯನ್ನು ನಡುವೆ ಬದಲಿಸಿ ದೊಡ್ಡದು ಮಾಡಿದರೂ ಅದು ಹಿಡಿಸುತ್ತಿದ್ದದ್ದು 1.1 ಕೋಟಿ ಜನರನ್ನು. ಅಂದರೆ ಬಾಗಿಲು ತೆರೆದ ದಿನವೇ ಹೆಚ್ಚುಕಡಿಮೆ ತುಂಬಿತ್ತು. ಐದೇ ವರ್ಷಕ್ಕೆ, 2013ರಲ್ಲಿ, ವಿಸ್ತರಿಸಬೇಕಾಯಿತು. ನಾಡಪ್ರಭು ಕೆಂಪೇಗೌಡರ ಹೆಸರು ಇಟ್ಟದ್ದೂ ಆ ವರ್ಷವೇ. ಅವರ ಪೂರ್ವಜರು ಮೊದಲು ನೆಲೆ ನಿಂತದ್ದು ಅಲ್ಲೇ ಹತ್ತಿರದ ಆವತಿಯಲ್ಲಿ. ಆ ಮಣ್ಣಿಗೆ ಆ ಹೆಸರು ಬಂದದ್ದಕ್ಕೆ ನಮ್ಮ ಹಳ್ಳಿಯ ಜನಕ್ಕೆಲ್ಲ ಹೆಮ್ಮೆ. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ಬಂತು. 2022ರ ನವೆಂಬರ್‌ನಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆಯ ಜೊತೆಗೆ ಎರಡನೇ ಟರ್ಮಿನಲ್ ಉದ್ಘಾಟನೆ ಆಯಿತು.

ಆ ಎರಡನೇ ಟರ್ಮಿನಲ್ ನೋಡಿದರೆ ನಿಜಕ್ಕೂ ಸಂತೋಷವಾಗುತ್ತದೆ. ಚಾವಣಿ ತುಂಬ ಬಿದಿರು, ಎಲ್ಲೆಲ್ಲೂ ತೂಗುಬಿಟ್ಟ ಗಿಡ. ಅತ್ತೆಯವರನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. "ಇದು ನಮ್ಮ ಹೊಲ ಇದ್ದ ಕಡೆಯೇ ಏನಮ್ಮ?" ಅಂತ ಕೇಳಿದರು. ಹೌದು ಅಂತ ಹೇಳಲೂ ಆಗಲಿಲ್ಲ, ಅಲ್ಲ ಅಂತ ಹೇಳಲೂ ಆಗಲಿಲ್ಲ. 2024–25ರಲ್ಲಿ ಆ ನಿಲ್ದಾಣದಲ್ಲಿ 4.1 ಕೋಟಿಗೂ ಹೆಚ್ಚು ಜನ ಓಡಾಡಿದರು. ಹದಿನೇಳು ವರ್ಷದಲ್ಲಿ ನಾಲ್ಕು ಪಟ್ಟು. ಒಳಗೆ ಎಲ್ಲವೂ ಬೆಳೆಯಿತು. ಅಲ್ಲಿಗೆ ಹೋಗುವ ದಾರಿ ಹಾಗೆ ಬೆಳೆಯಲಿಲ್ಲ.

ಹೊಸ ನಿಲ್ದಾಣ ತೆರೆಯುವ ಹೊತ್ತಿಗೆ ಎಂ.ಜಿ. ರಸ್ತೆ ಕಡೆಯಿಂದ ಹೈ ಸ್ಪೀಡ್ ರೈಲು ಬರುತ್ತದೆ ಅಂದರು. ಬರಲಿಲ್ಲ. ಹೆಬ್ಬಾಳದ ಆಚೆ ಮೇಲ್ಸೇತುವೆ ರಸ್ತೆ 2014ರಲ್ಲಿ ಸಿಕ್ಕಿತು. ಅದು ನಿಜಕ್ಕೂ ಉಪಕಾರವಾಯಿತು. ಆದರೆ ಹೆಬ್ಬಾಳದ ಈಚೆ ಅದೇ ಗಂಟು ಉಳಿಯಿತು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂದರು. 800ಕ್ಕೂ ಹೆಚ್ಚು ಮರ ಹೋಗುತ್ತಿದ್ದವು. ಸಾವಿರಾರು ಜನ ರಸ್ತೆಗೆ ಬಂದು ಕೈ ಕೈ ಹಿಡಿದು ನಿಂತರು. ಆ ಸಾಲಿನಲ್ಲಿ ನಾನೂ ನನ್ನ ಮಗಳೂ ನಿಂತಿದ್ದೆವು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು. ಆದರೆ ಆ ಯೋಜನೆ ಹುಟ್ಟಿದ್ದಾದರೂ ಯಾಕೆ? ನಿಲ್ದಾಣದ ಜೊತೆ ರೈಲು ಬಾರದ್ದರಿಂದ.

ಈಗ ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಕೆಲಸ ನಡೆಯುತ್ತಿದೆ. ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. ಉಪನಗರ ರೈಲಿನಲ್ಲೂ ಮೆಜೆಸ್ಟಿಕ್–ದೇವನಹಳ್ಳಿ ಮಾರ್ಗ ಇದೆ, ಆದರೆ ಮೊದಲು ಕೈಗೆತ್ತಿಕೊಂಡದ್ದು ಬೇರೆ ಮಾರ್ಗಗಳನ್ನು. ಇವೆಲ್ಲ ಬೇಗ ಮುಗಿಯಲಿ ಅಂತ ಬೇಡಿಕೊಳ್ಳುತ್ತೇನೆ.

ವಿಮಾನ ಹತ್ತುವವರ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನಗೆ ನೆನಪಾಗುವುದು ನಮ್ಮ ಪಕ್ಕದ ಮನೆಯ ಹುಡುಗಿ. ಟರ್ಮಿನಲ್‌ನ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನ ಪಾಳಿ ನಾಲ್ಕಕ್ಕೆ ಶುರು. ಕಂಪನಿಯ ವ್ಯಾನು ರಾತ್ರಿ ಒಂದೂವರೆಗೆ ಬಂದು ಹಾರ್ನ್ ಹೊಡೆಯುತ್ತಿತ್ತು, ದಾರಿಯಲ್ಲಿ ಇನ್ನೂ ಎಂಟು ಜನರನ್ನು ಹತ್ತಿಸಿಕೊಳ್ಳಬೇಕಲ್ಲ. ಮಧ್ಯಾಹ್ನ ಒಂದಕ್ಕೆ ಕೆಲಸ ಮುಗಿದರೆ ಮನೆ ಸೇರುವಾಗ ನಾಲ್ಕು. ಒಂದು ವರ್ಷ ಕಷ್ಟಪಟ್ಟು ಬಿಟ್ಟುಬಿಟ್ಟಳು. ಕೆಲಸ ಅವಳಿಗೆ ಇಷ್ಟವಿತ್ತು. ಬಿಡಿಸಿದ್ದು ದಾರಿ. ಕಸ ಗುಡಿಸುವವರು, ಬ್ಯಾಗು ಎತ್ತುವವರು, ಸೆಕ್ಯುರಿಟಿಯವರು, ಅಡುಗೆಯವರು ದಿನಾ ಹೋಗಿ ಬರಬೇಕು. ವಾಯುವಜ್ರ ಬಸ್ಸು 2008ರಿಂದಲೂ ಚೆನ್ನಾಗಿ ಓಡುತ್ತಿದೆ, ನಾನು ಹೋಗುವುದೂ ಅದರಲ್ಲೇ. ಆದರೆ ದಿನಾ ಎರಡು ಸಲ ಆ ಟಿಕೆಟ್ ತೆಗೆಯುವಷ್ಟು ಸಂಬಳ ಅವರಲ್ಲಿ ಎಷ್ಟು ಜನಕ್ಕೆ ಇದೆ?

ಈಗ ಎರಡನೇ ನಿಲ್ದಾಣಕ್ಕೆ ಬರೋಣ. ದೇವನಹಳ್ಳಿಯ ಒಪ್ಪಂದದಲ್ಲಿ ಒಂದು ಷರತ್ತು ಇದೆ. ಆ ನಿಲ್ದಾಣ ಶುರುವಾಗಿ 25 ವರ್ಷ ತುಂಬುವವರೆಗೆ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಅಂದರೆ 2033ರ ಮೇ ತನಕ. ಇದನ್ನು ಎಲ್ಲರೂ ಅಡ್ಡಿ ಅಂತಲೇ ನೋಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅಷ್ಟು ವರ್ಷ ನಿಮ್ಮ ಕೈಯಲ್ಲಿ ಇದೆ ಅಂತ ಅರ್ಥ. ರನ್‌ವೇ ಕಟ್ಟಲು ಷರತ್ತು ಅಡ್ಡ ಬಂದರೂ, ಅಲ್ಲಿಗೆ ಹಳಿ ಹಾಕಲು ಯಾವ ಷರತ್ತೂ ಅಡ್ಡ ಬರುವುದಿಲ್ಲ. ಮುಂದಿನ ಒಪ್ಪಂದದಲ್ಲಿ ಇಂಥ ಷರತ್ತಿಗೆ ದಯವಿಟ್ಟು ಸಹಿ ಹಾಕಬೇಡಿ ಅನ್ನುವುದೂ ನನ್ನ ಕೋರಿಕೆ. ಇಪ್ಪತ್ತೈದು ವರ್ಷದಲ್ಲಿ ಬೆಂಗಳೂರು ಎಷ್ಟು ಬೆಳೆಯುತ್ತದೆ ಅಂತ ಈ ಊರಿನಲ್ಲಿ ಇದುವರೆಗೆ ಯಾರೂ ಸರಿಯಾಗಿ ಊಹಿಸಿಲ್ಲ.

ನಕ್ಷೆ ಮುಂದಿಟ್ಟುಕೊಂಡು ನೋಡಿ. ನಮ್ಮ ಹಸಿರು ಮೆಟ್ರೋ ದಕ್ಷಿಣದಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯಲ್ಲಿ ನಿಲ್ಲುತ್ತದೆ. ಉತ್ತರದಲ್ಲಿ ತುಮಕೂರು ರಸ್ತೆಯ ಮಾದಾವರದಲ್ಲಿ ನಿಲ್ಲುತ್ತದೆ. ನೀವು ನೋಡುತ್ತಿರುವ ಜಾಗಗಳೂ ಇದೇ ಎರಡು ದಿಕ್ಕಿನಲ್ಲಿ ಇವೆ! ಯಾವ ಕಡೆ ಆರಿಸಿದರೂ ಒಂದೇ ಮಾರ್ಗವನ್ನು ಮುಂದಕ್ಕೆ ಎಳೆದರೆ ಆಗುತ್ತದೆ. ಆ ಮಾರ್ಗ ಮೆಜೆಸ್ಟಿಕ್ ಮೂಲಕವೇ ಹಾದುಹೋಗುತ್ತದೆ. ಇಂಥ ಅನುಕೂಲ ದೇವನಹಳ್ಳಿಗೆ ಇರಲಿಲ್ಲ.

ನೆಲಮಂಗಲ–ಕುಣಿಗಲ್ ಕಡೆಗೆ ಇನ್ನೊಂದು ಅನುಕೂಲವೂ ಇದೆ. ಬೆಂಗಳೂರಿನಿಂದ ಹಾಸನಕ್ಕೆ 2017ರಲ್ಲಿ ಶುರುವಾದ ರೈಲು ಮಾರ್ಗ ನೆಲಮಂಗಲ, ಕುಣಿಗಲ್ ಮೇಲೆಯೇ ಹೋಗುತ್ತದೆ. ಹಾಸನ, ಚನ್ನರಾಯಪಟ್ಟಣದ ಜನ ಬೆಂಗಳೂರಿನ ಒಳಗೆ ಬಾರದೆಯೇ ವಿಮಾನ ಹಿಡಿಯಬಹುದು. ಕನಕಪುರ ರಸ್ತೆಯಲ್ಲಿ ರೈಲು ಹಳಿ ಇಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ ದಶಕಗಳಿಂದ ಕಾಗದದಲ್ಲೇ ಇದೆ. ಜೊತೆಗೆ ಆ ಕಡೆ ಬನ್ನೇರುಘಟ್ಟದ ಕಾಡು ಹತ್ತಿರ, ಆನೆಗಳು ಓಡಾಡುವ ಸೀಮೆ. ನನ್ನ ಮನೆಗೆ ಕನಕಪುರ ರಸ್ತೆ ಹತ್ತಿರವಾದರೂ, ಮನಸ್ಸು ನೆಲಮಂಗಲದ ಕಡೆಗೆ ವಾಲುತ್ತದೆ. ನಮ್ಮ ಬೀದಿಯವರು ನನ್ನ ಮೇಲೆ ಮುನಿಸಿಕೊಳ್ಳಬಾರದು. ಹಳಿ ಇರುವ ಕಡೆ ನಿಲ್ದಾಣ ಕಟ್ಟುವುದು ಸುಲಭ ಅಂತ ದೇವನಹಳ್ಳಿಯ ಸೊಸೆಯಾಗಿ ಹೇಳುತ್ತಿದ್ದೇನೆ. ಅಲ್ಲಿ ಹಳಿ ಇದ್ದೂ ಬಳಸಿಕೊಳ್ಳದೆ ನಾವು ಎಷ್ಟು ವರ್ಷ ಕಳೆದೆವು ಅಂತ ನೋಡಿಯಾಗಿದೆ.

2024ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಹೊಸೂರಿನಲ್ಲಿ ವಿಮಾನ ನಿಲ್ದಾಣ ಮಾಡುವುದಾಗಿ ಹೇಳಿತು. ಅಂದಿನಿಂದ ನಮ್ಮಲ್ಲೂ ಅವಸರ ಶುರುವಾಗಿದೆ. ಅವರು ಮಾಡಲಿ. ಪೈಪೋಟಿಗೆ ಬಿದ್ದು ನಾವು ಅವಸರ ಮಾಡುವುದು ಬೇಡ.

ಇನ್ನು ಜಮೀನಿನ ವಿಷಯ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. ನಮ್ಮ ಮಾವನವರ ಎರಡೂವರೆ ಎಕರೆ ಹೋಯಿತು. ರಾಗಿ ಬೆಳೆಯುತ್ತಿದ್ದ ಹೊಲ, ಬದುವಿನಲ್ಲಿ ಎರಡು ಚಕ್ಕೋತದ ಮರ. ದೇವನಹಳ್ಳಿ ಚಕ್ಕೋತಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಮರ ಉಳಿದಿರುವುದು ಅಲ್ಲೊಂದು ಇಲ್ಲೊಂದು. ಪರಿಹಾರದ ಹಣಕ್ಕೆ ಮಾವನವರು ಕಚೇರಿಗೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಒಂದು ಕಾಗದ ಸರಿಯಿದ್ದರೆ ಇನ್ನೊಂದು ಇಲ್ಲ. ಕಂತು ಕಂತಾಗಿ ಬಂದ ಹಣದಲ್ಲಿ ಒಂದು ಮದುವೆ ಆಯಿತು, ಮನೆಗೆ ಆರ್‌ಸಿಸಿ ಬಂತು. ಉಳಿದದ್ದರಲ್ಲಿ ಮೈದುನ ಟ್ಯಾಕ್ಸಿ ಕೊಂಡ. ಅದರಿಂದಲೇ ಅವನ ಮಕ್ಕಳು ಓದಿದರು, ಅದನ್ನೂ ಹೇಳಬೇಕು. ಅತ್ತೆ ಮಾತ್ರ ಸಂತೆಯಲ್ಲಿ ರಾಗಿ ಕೊಳ್ಳುವಾಗ ಪ್ರತಿ ಸಲ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾರೆ. ಹುಟ್ಟಿದಾಗಿನಿಂದ ಅವರು ರಾಗಿ ಕೊಂಡವರಲ್ಲ.

2025ರ ಜುಲೈ 15ರಂದು ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ನಿಮ್ಮ ಸರ್ಕಾರ ಕೈಬಿಟ್ಟಿತು. ಅಲ್ಲಿ ವಿಮಾನ ತಯಾರಿಕೆಯ ಪಾರ್ಕ್ ಬರಬೇಕಿತ್ತು. ಆ ಹಳ್ಳಿಗಳ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತಿದ್ದರು. ಅವತ್ತು ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದೆವು. ಅದಕ್ಕಾಗಿ ನಿಮಗೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಆದರೆ ರೈತರು ಸಾವಿರ ದಿನ ಕೂತ ಮೇಲೆ ಅವರ ಮಾತು ಕೇಳುವುದಕ್ಕಿಂತ, ಮೊದಲ ದಿನವೇ ಹೋಗಿ ಕೇಳುವುದು ಒಳ್ಳೆಯದಲ್ಲವೇ? ಸೋಮನಹಳ್ಳಿಯೋ ಕುಣಿಗಲ್ ರಸ್ತೆಯೋ, ಯಾವ ಹಳ್ಳಿಯ ಯಾವ ಸರ್ವೆ ನಂಬರ್ ಹೋಗುತ್ತದೆ ಅಂತ ಅವರಿಗೆ ಪೇಪರ್ ನೋಡಿ ಗೊತ್ತಾಗಬಾರದು. ನಮ್ಮ ಮಾವನವರಿಗೆ ಹಾಗೇ ಗೊತ್ತಾಗಿತ್ತು.

ಅದಕ್ಕೇ ಒಂದು ಸಭೆ ಕರೆಯಿರಿ. ವಿಧಾನಸೌಧದಲ್ಲಿ ಬೇಡ, ಆ ಹಳ್ಳಿಗಳಲ್ಲಿ ಕರೆಯಿರಿ. ನಿಲ್ದಾಣದ ನಕ್ಷೆಯ ಪಕ್ಕದಲ್ಲಿ ರೈಲಿನ ನಕ್ಷೆಯನ್ನೂ ಗೋಡೆಗೆ ಅಂಟಿಸಿ. ಸ್ಟೇಷನ್ ಎಲ್ಲಿ ಬರುತ್ತದೆ, ಬೆಳಗಿನ ಮೊದಲ ರೈಲು ಎಷ್ಟು ಗಂಟೆಗೆ, ಜಮೀನು ಕೊಟ್ಟವರ ಮಕ್ಕಳಿಗೆ ಯಾವ ಕೆಲಸಕ್ಕೆ ಯಾವ ತರಬೇತಿ, ಹಣ ಯಾವ ತಿಂಗಳು ಕೈಗೆ ಸಿಗುತ್ತದೆ ಅಂತ ಬರೆದು ಕೊಡಿ. ಸಭೆ ಯಾವ ಹಳ್ಳಿಯಲ್ಲಿ ನಡೆದರೂ ನಾನು ಬಸ್ಸು ಹಿಡಿದು ಬರುತ್ತೇನೆ. ಅತ್ತೆಯವರೂ ಬರುತ್ತೇನೆ ಅಂದಿದ್ದಾರೆ. ಅಲ್ಲಿನ ಹೆಂಗಸರ ಜೊತೆ ಕೂತು ಮಾತಾಡಬೇಕಂತೆ.

ಇತಿ ನಿಮ್ಮ ವಿಶ್ವಾಸಿ,
ಬನಶಂಕರಿಯ ಒಬ್ಬ ನಿವಾಸಿ